ಎರಡು ಅಪ್ಪೆಮಿಡಿ ಮರ, ಕ್ಲೋರೋಪ್ಲಾಸ್ಟ್‌ನಲ್ಲಿ 18 ಸಾವಿರ ಅಕ್ಷರ ತಿರುಗಿ ಕೂತಿವೆ. ಇದು ನಿಜವಾದ ವ್ಯತ್ಯಾಸವಾ?

ಎಳೆಚಿಗುರು

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಗೊತ್ತಿದ್ದವರು ದಾರಿ ತೋರಿಸಬೇಕು.

ಅಘನಾಶಿನಿ ಹೊಳೆಸಾಲಿನ ಎರಡು ಅಪ್ಪೆಮಿಡಿ ಮರಗಳ ಎಲೆ ತಂದು ಡಿಎನ್‌ಎ ತೆಗೆದೆ. ಮಾವಿನ ಎಲೆಯಲ್ಲಿ ಅಂಟು ಜಾಸ್ತಿ, ಡಿಎನ್‌ಎ ಶುದ್ಧವಾಗಿ ಸಿಗುವುದಕ್ಕೇ ಬಹಳ ದಿನ ಹಿಡಿಯಿತು. ಆಮೇಲೆ ಹೊರಗಡೆ ಕೊಟ್ಟು ಸೀಕ್ವೆನ್ಸಿಂಗ್ ಮಾಡಿಸಿದೆವು. 150 ಅಕ್ಷರದ (ಅಕ್ಷರ ಅಂದರೆ ಡಿಎನ್‌ಎಯ ಎ, ಟಿ, ಜಿ, ಸಿ) ಸಣ್ಣ ರೀಡ್‌ಗಳು, ಅಂದರೆ ಯಂತ್ರ ಓದಿಕೊಟ್ಟ ತುಂಡುಗಳು ಬಂದವು. ಅವನ್ನು ಗೆಟ್‌ಆರ್ಗನೆಲ್ ಅನ್ನುವ ಸಾಫ್ಟ್‌ವೇರ್‌ಗೆ ಹಾಕಿ ಕ್ಲೋರೋಪ್ಲಾಸ್ಟ್ ಜೀನೋಮ್, ಅಂದರೆ ಎಲೆಯ ಹಸಿರು ಕಣದ ಪೂರ್ತಿ ಡಿಎನ್‌ಎ ಜೋಡಿಸಿದೆ. ಎರಡೂ ಮರಗಳಿಗೆ ಪೂರ್ತಿ ಉಂಗುರ ಸಿಕ್ಕಿತು.

ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಸುಮಾರು 18 ಸಾವಿರ ಅಕ್ಷರಗಳ ಒಂದು ತುಂಡು ಒಂದು ಮರದಲ್ಲಿ ನೆಟ್ಟಗಿದೆ, ಇನ್ನೊಂದರಲ್ಲಿ ಹಿಂದುಮುಂದಾಗಿದೆ. ಎರಡೂ ಒಂದೇ ಜಾತಿ, ಮ್ಯಾಂಜಿಫೆರಾ ಇಂಡಿಕಾ. ನಡುವೆ ಇರುವುದು ಒಂದು ಹೊಳೆ ಅಷ್ಟೆ. ಒಂದೇ ಜಾತಿಯೊಳಗೆ ಇಷ್ಟು ದೊಡ್ಡ ವ್ಯತ್ಯಾಸ ಇರಬಹುದಾ? ಹಿರಿಯರೊಬ್ಬರು "ಹೊಸ ಸಂಗತಿ, ಬೇಗ ಬರೆದು ಕಳಿಸು" ಅಂದರು. ನನಗೆ ಧೈರ್ಯ ಬರುತ್ತಿಲ್ಲ.

ಅಕ್ಷರಮಾಲೆ

ಈಗಲೇ ಕಳಿಸಬೇಡಿ. ನಿಮ್ಮ ಅನುಮಾನ ಸರಿಯಾಗಿದೆ. ಅದು ಮರ ಮರದ ನಡುವಿನ ವ್ಯತ್ಯಾಸ ಅಲ್ಲ. ಎರಡೂ ಮರಗಳಲ್ಲಿ ಎರಡೂ ರೂಪ ಇವೆ.

ಹೂಬಿಡುವ ಗಿಡಗಳ ಕ್ಲೋರೋಪ್ಲಾಸ್ಟ್ ಜೀನೋಮ್ ಸಾಮಾನ್ಯವಾಗಿ ನಾಲ್ಕು ಭಾಗದ ಉಂಗುರ. ಒಂದು ದೊಡ್ಡ ತುಂಡು, ಒಂದು ಚಿಕ್ಕ ತುಂಡು. ಅವೆರಡನ್ನು ಸೇರಿಸುವ ಕಡೆ ಒಂದೇ ಬರಹದ ಎರಡು ಪ್ರತಿಗಳು, ಒಂದು ನೆಟ್ಟಗೆ, ಇನ್ನೊಂದು ತಿರುಗಿ. ಮಾವಿನಲ್ಲಿ ಒಂದೊಂದು ಪ್ರತಿ ಸುಮಾರು 26 ಸಾವಿರ ಅಕ್ಷರ. ನಿಮ್ಮ 18 ಸಾವಿರದ್ದು ಆ ಚಿಕ್ಕ ತುಂಡೇ. ಸೀರೆಯ ಒಡಲಿಗೆ ಎರಡೂ ಕಡೆ ಒಂದೇ ತರದ ಅಂಚು ಇದೆ ಅಂದುಕೊಳ್ಳಿ. ಒಡಲನ್ನು ತಿರುಗಿಸಿ ಹೊಲಿದರೂ ಅಂಚು ಸರಿಯಾಗೇ ಕೂರುತ್ತದೆ, ಅಲ್ವಾ? ಇಲ್ಲಿ ಆಗುವುದೂ ಅದೇ. ಆ ಎರಡು ಪ್ರತಿಗಳು ಕೋಶದೊಳಗೆ ಒಂದಕ್ಕೊಂದು ಕೂಡಿ ಅದಲುಬದಲಾಗುತ್ತವೆ. ಆಗ ನಡುವಿನ ತುಂಡು ತಿರುಗುತ್ತದೆ. ಹೀಗಾಗಿ ಒಂದೇ ಎಲೆಯಲ್ಲಿ ಎರಡೂ ರೂಪ ಹೆಚ್ಚುಕಡಿಮೆ ಸರಿಸಮ ಇರುತ್ತವೆ. ಜೆಫ್ರಿ ಪಾಮರ್ 1983ರಲ್ಲೇ ಬೀನ್ಸ್ ಗಿಡದಲ್ಲಿ ಇದನ್ನು ತೋರಿಸಿದ್ದರು.

150 ಅಕ್ಷರದ ರೀಡ್ 26 ಸಾವಿರದ ಪ್ರತಿಯನ್ನು ದಾಟಲಾರದು. ಚಿಕ್ಕ ತುಂಡು ಯಾವ ಕಡೆ ಮುಖ ಮಾಡಿದೆ ಎಂದು ಸಾಫ್ಟ್‌ವೇರ್‌ಗೆ ತಿಳಿಯುವುದೇ ಇಲ್ಲ. ಅದಕ್ಕೆ ಎರಡೂ ಸಾಧ್ಯತೆಯನ್ನು ಎರಡು ಫೈಲಾಗಿ ಕೊಡುತ್ತದೆ. ನಿಮ್ಮ ಫೋಲ್ಡರ್ ಒಮ್ಮೆ ನೋಡಿ. ಒಂದು ಮರಕ್ಕೆ ಮೊದಲನೇ ಫೈಲ್, ಇನ್ನೊಂದಕ್ಕೆ ಎರಡನೇ ಫೈಲ್ ತೆಗೆದುಕೊಂಡಿರಬೇಕು.

ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಇದನ್ನು ಜಾತಿ ಜಾತಿಗಳ ನಡುವಿನ ಬದಲಾವಣೆ ಅಂತ ತಿಳಿದು ಅಚ್ಚು ಹಾಕಿಸಿದವರೇ ಬೇಕಾದಷ್ಟು ಜನ ಇದ್ದಾರೆ. 2015ರಲ್ಲಿ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಈ ತಪ್ಪನ್ನೇ ಎತ್ತಿ ತೋರಿಸಬೇಕಾಗಿ ಬಂತು.

ಎಳೆಚಿಗುರು

ನೋಡಿದೆ. ಎರಡೆರಡು ಫೈಲ್ ಇವೆ! ಒಂದು ಮರಕ್ಕೆ ಇನ್ನೊಂದು ಫೈಲ್ ತೆಗೆದುಕೊಂಡ ತಕ್ಷಣ ಆ 18 ಸಾವಿರವೂ ಸಾಲಾಗಿ ಕೂತಿತು. ಕಣ್ಣಲ್ಲಿ ನೀರು ಬಂತು. ಬರೆದು ಕಳಿಸಿದ್ದರೆ ಏನಾಗುತ್ತಿತ್ತು? ತುಂಬಾ ಥ್ಯಾಂಕ್ಸ್.

ಈಗ ಎರಡು ಮರಗಳ ನಡುವೆ ಉಳಿದಿರುವುದು ಬೆರಳೆಣಿಕೆಯಷ್ಟು ವ್ಯತ್ಯಾಸ. ಅದರಲ್ಲೂ ಹೆಚ್ಚಿನವು ಎ, ಎ, ಎ ಅಂತ ಒಂದೇ ಅಕ್ಷರ ಸಾಲಾಗಿ ಬರುವ ಕಡೆ. ಒಂದರಲ್ಲಿ 11 ಎ, ಇನ್ನೊಂದರಲ್ಲಿ 12 ಎ, ಹೀಗೆ. ಇವನ್ನು ನಂಬಬಹುದಾ?

ಹೊಳೆಸಾಲು

ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಸಿರ್ಸಿ ಕಡೆಯ ಕೃಷಿಕ. ಅಪ್ಪೆಮಿಡಿ ಕಸಿ ಕಟ್ಟುತ್ತೇನೆ. ಶೀರ್ಷಿಕೆಯಲ್ಲಿ ಅಪ್ಪೆಮಿಡಿ ಅಂತ ಕಂಡು ಒಳಗೆ ಬಂದೆ.

ನನ್ನ ಪ್ರಶ್ನೆ ಸಣ್ಣದು. ನಮ್ಮಲ್ಲಿ ಜೀರಿಗೆ ವಾಸನೆಯ ಮಿಡಿ ಬೇರೆ, ಕರ್ಪೂರದ ವಾಸನೆಯದು ಬೇರೆ. ಅನಂತಭಟ್ಟನ ಅಪ್ಪೆ ಅಂತ ಹೆಸರಾದದ್ದೂ ಇದೆ. ಸಸಿ ಕೊಳ್ಳಲು ಬಂದವರು "ಇದು ನಿಜವಾಗಿ ಅದೇನಾ?" ಅಂತ ಕೇಳುತ್ತಾರೆ. ಎಲೆ ಮುರಿದು, ಸೊನೆ ಮೂಸಿ ಹೇಳುತ್ತೇವೆ. ನೀವು ಮಾಡುವ ಈ ಪರೀಕ್ಷೆಯಲ್ಲಿ ಇದು ಜೀರಿಗೆ, ಇದು ಕರ್ಪೂರ ಅಂತ ಗೊತ್ತಾಗುತ್ತದಾ? ಇನ್ನೊಂದು, ಕಾಡುಮಾವಿನ ಬೇರುಗಿಡದ ಮೇಲೆ ಕುಡಿ ಕಟ್ಟುತ್ತೇವಲ್ಲ, ಕೆಳಗಿನ ಗಿಡದ ಗುಣ ಮೇಲೆ ಹತ್ತುತ್ತದಾ?

ಪಾಠದಮನೆ

ಹೊಳೆಸಾಲು ಅಣ್ಣಾ, ಎಂಥ ಒಳ್ಳೆಯ ಪ್ರಶ್ನೆ! ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ನಿಮ್ಮ ಅಂಗಳದಲ್ಲಿ ಸಂಜೆ ಮಲ್ಲಿಗೆ ಇರಬಹುದು. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಇದೇ ಗಿಡದ ಮೇಲೆ ಕೆಲಸ ಮಾಡಿದರು. ಮೆಂಡಲ್‌ನ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಅವರೂ ಒಬ್ಬರು. ಅವರ ಹತ್ತಿರ ಎಲೆ ಮೇಲೆ ಬಿಳಿ ಮಚ್ಚೆ ಇರುವ ಒಂದು ತಳಿ ಇತ್ತು. ಒಂದೇ ಗಿಡದಲ್ಲಿ ಕೆಲವು ಕೊಂಬೆ ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಕೆಲವು ಮಚ್ಚೆ ಮಚ್ಚೆ. ಅವರು ಎಲ್ಲ ರೀತಿಯಲ್ಲೂ ಪರಾಗ ಹಾಯಿಸಿ ನೋಡಿದರು. ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಸಸಿ. ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಪಾಪ, ಅವು ಬದುಕುತ್ತಿರಲಿಲ್ಲ. ಪರಾಗ ಯಾವ ಕೊಂಬೆಯಿಂದ ತಂದರೂ ಏನೂ ಬದಲಾಗಲಿಲ್ಲ. ಸಸಿ ನೋಡುತ್ತಿದ್ದುದು ತಾಯಿಯನ್ನು ಮಾತ್ರ. ಮೆಂಡಲ್‌ನ ನಿಯಮವನ್ನು ಹುಡುಕಿ ತಂದವರೇ ಅದಕ್ಕೆ ಒಗ್ಗದ ಸಂಗತಿಯನ್ನೂ ಕಂಡರು. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿವರ್ಷವೂ ನನಗೆ ಹೊಸದಾಗಿ ಖುಷಿಯಾಗುತ್ತದೆ.

ಇದಕ್ಕೆ ಕಾರಣ ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಇರುವುದು. ಹೂಬಿಡುವ ಹೆಚ್ಚಿನ ಗಿಡಗಳಲ್ಲಿ ಅದು ಅಂಡದ ಮೂಲಕ, ಅಂದರೆ ತಾಯಿಯಿಂದಲೇ ಬರುತ್ತದೆ. ಎಲ್ಲದರಲ್ಲೂ ಹಾಗಲ್ಲ. ಅದೇ 1909ರಲ್ಲಿ ಎರ್ವಿನ್ ಬೌರ್ ಅವರು ಪೆಲಾರ್ಗೋನಿಯಂನಲ್ಲಿ, ನಾವು ಕುಂಡದಲ್ಲಿ ಬೆಳೆಸುವ ಜೆರೇನಿಯಂ, ಇಬ್ಬರಿಂದಲೂ ಬರುವುದನ್ನು ಕಂಡರು. ಪೈನ್ ಮರಗಳಲ್ಲಿ ತಂದೆಯಿಂದ ಬರುತ್ತದೆ.

ಈಗ ನಿಮ್ಮ ಪ್ರಶ್ನೆ. ಒಂದು ಮರದ ಗೊರಟುಗಳಿಂದ ಹತ್ತು ಸಸಿ ಎಬ್ಬಿಸಿದರೆ ಹತ್ತಕ್ಕೂ ತಾಯಿಯ ಕ್ಲೋರೋಪ್ಲಾಸ್ಟ್. ಆದರೆ ಹತ್ತರ ಮಿಡಿಯೂ ಒಂದೇ ವಾಸನೆ ಕೊಡುವುದಿಲ್ಲ, ನಿಮಗೇ ಗೊತ್ತು. ವಾಸನೆ, ಹುಳಿ, ಸೊನೆ, ಮಿಡಿಯ ಆಕಾರ ಇಂಥವೆಲ್ಲ ಮುಖ್ಯವಾಗಿ ಕೋಶಕೇಂದ್ರದ ಡಿಎನ್‌ಎ ಕೆಲಸ. ಅದು ತಂದೆತಾಯಿ ಇಬ್ಬರಿಂದ ಬೆರೆತು ಬರುತ್ತದೆ. ಹಾಗಾಗಿ ಕ್ಲೋರೋಪ್ಲಾಸ್ಟ್ ನೋಡಿ ಇದು ಜೀರಿಗೆ ಮಿಡಿ ಅನ್ನುವುದಕ್ಕೆ ಆಗುವುದಿಲ್ಲ. ಅಕ್ಕತಂಗಿಯರನ್ನು ಅಮ್ಮನ ತವರುಮನೆ ಹೆಸರು ಕೇಳಿ ಬೇರೆ ಮಾಡಿದ ಹಾಗಾಗುತ್ತದೆ.

ಕರಾವಳಿಯ ಬಪ್ಪಕಾಯಿ, ಓಲೂರು ತರದ ಮಾವುಗಳಲ್ಲಿ ಒಂದೇ ಗೊರಟಿನಿಂದ ಹಲವು ಮೊಳಕೆ ಬರುತ್ತವಲ್ಲ, ಅದರಲ್ಲಿ ಹೆಚ್ಚಿನವು ತಾಯಿಯ ಅಚ್ಚು ಪ್ರತಿಗಳೇ. ಅಲ್ಲಿ ಎರಡು ಡಿಎನ್‌ಎಯೂ ತಾಯಿಯದು.

ಕಸಿಯ ವಿಷಯದಲ್ಲಿ ನಿಶ್ಚಿಂತೆಯಾಗಿರಿ. ಕುಡಿಯಿಂದ ಬೆಳೆದ ಎಲೆಯಲ್ಲಿ ಕುಡಿಯದೇ ಕ್ಲೋರೋಪ್ಲಾಸ್ಟ್ ಇರುತ್ತದೆ. ಒಂದು ಸ್ವಾರಸ್ಯ ಮಾತ್ರ ಇದೆ. ಜರ್ಮನಿಯ ಗೋಲ್ಮ್‌ನಲ್ಲಿ ರಾಲ್ಫ್ ಬಾಕ್ ಅವರ ಲ್ಯಾಬಿನವರು 2009ರಲ್ಲಿ ತಂಬಾಕಿಗೆ ತಂಬಾಕನ್ನೇ ಕಸಿ ಕಟ್ಟಿ ಪರೀಕ್ಷಿಸಿದರು. ಕಸಿ ಕೂಡಿದ ಗಾಯದ ಜಾಗದಲ್ಲಿ ಕ್ಲೋರೋಪ್ಲಾಸ್ಟ್ ಜೀನ್‌ಗಳು ಒಂದು ಗಿಡದ ಕೋಶದಿಂದ ಇನ್ನೊಂದರ ಕೋಶಕ್ಕೆ ದಾಟಿದ್ದವು. ಆ ಜಾಗದಲ್ಲಿ ಮಾತ್ರ. ಮೇಲಿನ ಕೊಂಬೆಗೆ ಅದು ಹತ್ತಲಿಲ್ಲ.

ಹೊಳೆಸಾಲು

ಸರಿ ಮೇಷ್ಟ್ರೇ, ತಿಳಿಯಿತು. ಸೊನೆ ಮೂಸುವ ಪರೀಕ್ಷೆ ಬಿಡುವ ಹಾಗಿಲ್ಲ.

ಕಡಲತಡಿ

ನಾನು ಬೆಳೆ ತಳಿಶಾಸ್ತ್ರದಲ್ಲಿ ಕೆಲಸ ಮಾಡುವವನು. ಎಳೆಚಿಗುರು ಅವರಿಗೆ ನೇರವಾಗಿ ಒಂದು ಮಾತು ಹೇಳಬೇಕು. ಒಂದೇ ಜಾತಿಯೊಳಗಿನ ವೈವಿಧ್ಯ ನೋಡುವುದಕ್ಕೆ ಕ್ಲೋರೋಪ್ಲಾಸ್ಟ್ ಯಾಕೆ? ಅದು ಬಹಳ ನಿಧಾನ ಬದಲಾಗುತ್ತದೆ. ಕೋಶಕೇಂದ್ರದ ಜೀನ್‌ಗಳು ಬದಲಾಗುವ ವೇಗದ ಅರ್ಧವೂ ಇಲ್ಲ ಅಂತ 1987ರಿಂದಲೇ ಗೊತ್ತಿದೆ. ಮೇಲಾಗಿ ಇಡೀ ಉಂಗುರ ಒಟ್ಟಿಗೇ ಸಾಗುವುದರಿಂದ ಅದು ಒಂದೇ ಒಂದು ಸಾಕ್ಷಿ. ಮಾವಿನ ಕ್ಲೋರೋಪ್ಲಾಸ್ಟ್ ಒಂದೂವರೆ ಲಕ್ಷ ಚಿಲ್ಲರೆ ಅಕ್ಷರ. 2020ರಲ್ಲಿ ಆಪೂಸು ಮಾವಿನ ಪೂರ್ತಿ ಜೀನೋಮ್ ಬಂತು, ಸುಮಾರು 39 ಕೋಟಿ ಅಕ್ಷರ. ಅಷ್ಟು ದೊಡ್ಡ ಹೊಲ ಬಿಟ್ಟು ಬದುವಿನ ಮೇಲೆ ಯಾಕೆ ಉಳುಮೆ? ಇರುವ ಹಣವನ್ನು ಕೋಶಕೇಂದ್ರದ ಮೇಲೆ ಹಾಕಿ. ಇದು ನೋಯಿಸಲು ಹೇಳಿದ್ದಲ್ಲ. ಪಿಎಚ್‌ಡಿಯ ವರ್ಷಗಳು ಮತ್ತೆ ಬರುವುದಿಲ್ಲ.

ದೂರದೀಪ

ಕಡಲತಡಿ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಒಂದೇ ಸಾಕ್ಷಿ ಅನ್ನುವುದು ನಿಜ. ಆದರೆ "ನಿಧಾನ, ಆದ್ದರಿಂದ ಬೇಡ" ಅನ್ನುವುದನ್ನು ಒಪ್ಪಲಾರೆ. ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿಯ ರೈಲ್ವೆ ಹಳಿಗಳ ಪಕ್ಕ ನಡೆದ ಒಂದು ಕತೆ ಹೇಳಲೇಬೇಕು.

ಹಳಿಗಳ ನಡುವೆ ಕಳೆ ಬೆಳೆಯಬಾರದು ಅಂತ ಇಲ್ಲಿ ಹಿಂದೆ ವರ್ಷವರ್ಷವೂ ಕಳೆನಾಶಕ ಹೊಡೆಯುತ್ತಿದ್ದರು. ಅಟ್ರಜಿನ್, ಸಿಮಜಿನ್ ಗುಂಪಿನವು. ಇವು ಎಲೆಯೊಳಗೆ ಹೋಗಿ ಡಿ1 ಅನ್ನುವ ಪ್ರೊಟೀನಿನ ಒಂದು ಸಂದಿಯಲ್ಲಿ ಕೂರುತ್ತವೆ. ಬೆಳಕಿನಿಂದ ಬಂದ ಎಲೆಕ್ಟ್ರಾನ್ ಮುಂದೆ ಹೋಗದಂತೆ ದಾರಿ ಕಟ್ಟುತ್ತವೆ. ಗಿಡ ಒಣಗುತ್ತದೆ. ಆ ಪ್ರೊಟೀನನ್ನು ಬರೆಯುವ ಜೀನ್ ಪಿಎಸ್‌ಬಿಎ. ಅದು ಇರುವುದು ಕ್ಲೋರೋಪ್ಲಾಸ್ಟ್‌ನಲ್ಲಿ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಪ್ರೊಟೀನಿನ 264ನೇ ಜಾಗದಲ್ಲಿ ಸೆರೀನ್ ಅನ್ನುವ ಅಮೈನೋ ಆಮ್ಲದ ಬದಲು ಗ್ಲೈಸೀನ್ ಬರುತ್ತದೆ. ಆಮೇಲೆ ಕಳೆನಾಶಕಕ್ಕೆ ಆ ಸಂದಿಯಲ್ಲಿ ಕೂರಲು ಆಗುವುದಿಲ್ಲ.

ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಕುಲದ ಪುಟ್ಟ ಕಳೆ ಇದೆಯಲ್ಲ, ಲ್ಯಾಬುಗಳಲ್ಲಿ ಎಲ್ಲರೂ ಬೆಳೆಸುವುದು. ಬ್ರಿಟನ್ನಿನ ಹಳಿಗಳ ಪಕ್ಕದ ಅರಾಬಿಡಾಪ್ಸಿಸ್ ಗಿಡಗಳಲ್ಲಿ ಈ ಬದಲಾವಣೆ ಸಿಕ್ಕಿತು. 2016ರಲ್ಲಿ ಬಂದ ಅಧ್ಯಯನ ಇದನ್ನು ಬಿಡಿಸಿ ಹೇಳಿತು. ಆ ಒಂದಕ್ಷರ ಹುಟ್ಟಿದ ಒಬ್ಬಳು ತಾಯಿಯ ಸಂತಾನ ಹಳಿಯ ಉದ್ದಕ್ಕೂ ಹರಡಿತ್ತು. ಕ್ಲೋರೋಪ್ಲಾಸ್ಟ್ ಉಂಗುರದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಸಾಗಲಾರವು. ಹಾಗಾಗಿ ಆ ಒಂದಕ್ಷರದ ಬೆನ್ನಿಗೆ ಇಡೀ ಕ್ಲೋರೋಪ್ಲಾಸ್ಟ್ ಜೀನೋಮ್ ಹೋಯಿತು. ಜೊತೆಯಲ್ಲಿ ತಾಯಿಯಿಂದಲೇ ಬರುವ ಮೈಟೋಕಾಂಡ್ರಿಯದ ಜೀನೋಮೂ ಹೋಯಿತು. ಅರಾಬಿಡಾಪ್ಸಿಸ್ ಹೆಚ್ಚಾಗಿ ತನ್ನದೇ ಪರಾಗದಿಂದ ಬೀಜ ಕಟ್ಟುವುದರಿಂದ ಕೋಶಕೇಂದ್ರದ ಡಿಎನ್‌ಎಯೂ ಅದರ ಬೆನ್ನಿಗೇ ಹೋಯಿತು, ಆಮೇಲೆ ಅಪರೂಪಕ್ಕೆ ಬೇರೆ ಗಿಡಗಳ ಜೊತೆ ಬೆರೆತಾಗ ಮಾತ್ರ ಅದು ಚದುರಿತು. ಕೋಶಕೇಂದ್ರವನ್ನಷ್ಟೇ ಓದಿದ್ದರೆ ಆ ಜೀನೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಇದಕ್ಕೆ ಗಿಡ ಬೆಲೆಯನ್ನೂ ತೆರುತ್ತದೆ. ಆ ಬದಲಾವಣೆ ಇದ್ದರೆ ಎಲೆಕ್ಟ್ರಾನ್ ಸಾಗುವುದು ನಿಧಾನವಾಗುತ್ತದೆ. ಕಳೆನಾಶಕ ಇಲ್ಲದ ಕಡೆ ಅಂಥ ಗಿಡ ಹಿಂದೆ ಬೀಳುತ್ತದೆ.

ಈ ಕತೆ ಅರಾಬಿಡಾಪ್ಸಿಸ್‌ಗೆ ಮೊದಲೇ ಶುರುವಾಗಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ನರ್ಸರಿಯೊಂದರಲ್ಲಿ 1968ರಲ್ಲೇ ಇಂಥ ಮದ್ದಿಗೆ ಬಗ್ಗದ ಕಳೆ ಕಂಡಿತ್ತು. 1983ರಲ್ಲಿ ಕಾರಣದ ಅಕ್ಷರ ಪತ್ತೆಯಾದದ್ದು ನಮ್ಮ ಹರಿವೆ ಸೊಪ್ಪಿನ ನೆಂಟ ಗಿಡವೊಂದರಲ್ಲಿ. ಒಂದು ಜಾತಿಯೊಳಗಿನ ವ್ಯತ್ಯಾಸ ಎಷ್ಟು ಅಂತ ಎಣಿಸುವುದು ಸರಿ. ಆದರೆ ಒಂದೇ ಆಗಿದ್ದರೂ ಅದು ಏನು ಮಾಡುತ್ತಿದೆ ಅಂತಲೂ ನೋಡಬೇಕು.

ಕಡಲತಡಿ

ಈ ರೈಲು ಹಳಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಅದು ಆಯ್ಕೆಯ ಕತೆ, ಅಂದರೆ ಮದ್ದಿಗೆ ಬಗ್ಗದ ಗಿಡ ಮಾತ್ರ ಉಳಿದು ಹರಡಿದ್ದು. ಕಾಡುಮಾವಿನ ಮೇಲೆ ಯಾರೂ ಅಟ್ರಜಿನ್ ಹೊಡೆಯುತ್ತಿಲ್ಲ. ಅಪ್ಪೆಮಿಡಿಯಲ್ಲಿ ಕ್ಲೋರೋಪ್ಲಾಸ್ಟ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಅದನ್ನು ಮೊದಲು ಹೇಳಿಕೊಳ್ಳಬೇಕು. ಪ್ರಶ್ನೆ ಇಲ್ಲದೆ ಸೀಕ್ವೆನ್ಸ್ ಮಾಡಿಟ್ಟ ಕ್ಲೋರೋಪ್ಲಾಸ್ಟ್‌ಗಳು ಈಗಾಗಲೇ ಸಾವಿರಾರು ಇವೆ.

ಪಾಠದಮನೆ

ಅಲ್ಲಿಗೆ ಓಕ್ ಮರಗಳ ಕತೆ ಬೇಕು. ಯುರೋಪಿನಲ್ಲಿ ಹಿಮಯುಗ ಕಳೆದ ಮೇಲೆ ಓಕ್ ಕಾಡು ಎಲ್ಲಿಂದ ವಾಪಸ್ ಬಂತು ಅಂತ ತಿಳಿದದ್ದು ಕ್ಲೋರೋಪ್ಲಾಸ್ಟ್‌ನಿಂದ. ರೆಮಿ ಪೆಟಿ ಮತ್ತು ಹಲವು ದೇಶಗಳ ಜೊತೆಗಾರರು 2002ರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಕಾಡುಗಳ ಮರಗಳನ್ನು ಸೇರಿಸಿ ನಕ್ಷೆ ಮಾಡಿದರು. ಸ್ಪೇನ್ ಕಡೆ, ಇಟಲಿ, ಬಾಲ್ಕನ್ ಕಡೆ ಉಳಿದಿದ್ದ ಮರಗಳು ಉತ್ತರಕ್ಕೆ ಹತ್ತಿದ ದಾರಿ ಅದರಲ್ಲಿ ಕಾಣುತ್ತದೆ. ಪರಾಗ ಗಾಳಿಯಲ್ಲಿ ದೂರ ಹೋಗುತ್ತದೆ. ಬೀಜ ಅಷ್ಟು ದೂರ ಹೋಗುವುದಿಲ್ಲ. ಕ್ಲೋರೋಪ್ಲಾಸ್ಟ್ ಬೀಜದ ಜೊತೆ ಮಾತ್ರ ಹೋಗುತ್ತದೆ. ಅದಕ್ಕೇ ದಾರಿ ಅಳಿಸದೆ ಉಳಿಯಿತು.

ಒಂದು ಎಚ್ಚರಿಕೆಯೂ ಅಲ್ಲೇ ಇದೆ. ಒಂದೇ ಕಾಡಿನ ಬೇರೆ ಬೇರೆ ಓಕ್ ಜಾತಿಗಳು ಒಂದೇ ಕ್ಲೋರೋಪ್ಲಾಸ್ಟ್ ಹಂಚಿಕೊಂಡಿದ್ದವು. ಜಾತಿಗಳು ಅಡ್ಡ ಬೆರೆತಾಗ ತಾಯಿಯ ಕಡೆಯದು ದಾಟಿತ್ತು. ಕ್ಲೋರೋಪ್ಲಾಸ್ಟ್ ಊರನ್ನು ಹೇಳುತ್ತಿತ್ತು, ಜಾತಿಯನ್ನು ಅಲ್ಲ.

ಹೊಳೆಸಾಲು

ಬೀಜದ ದಾರಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಜ್ಜ ಹೇಳುತ್ತಿದ್ದರು, ಹೊಳೆಸಾಲಿನ ಅಪ್ಪೆ ಮರಗಳನ್ನು ಯಾರೂ ನೆಟ್ಟಿಲ್ಲ, ಮಳೆಗಾಲದ ನೆರೆ ಮೇಲಿನಿಂದ ಗೊರಟು ತಂದು ಹಾಕಿದ್ದು ಅಂತ. ನಮ್ಮಪ್ಪ ಒಪ್ಪುತ್ತಿರಲಿಲ್ಲ. ಹಣ್ಣು ತಿಂದು ಜನರೇ ಎಸೆದದ್ದು, ಕಾಲುದಾರಿ ಇದ್ದಲ್ಲೆಲ್ಲ ಮರ ಇದೆ ನೋಡು ಅನ್ನುತ್ತಿದ್ದರು. ಇಬ್ಬರೂ ಈಗಿಲ್ಲ. ಯಾರ ಮಾತು ಸರಿ ಅಂತ ನಿಮ್ಮ ಪರೀಕ್ಷೆಯಲ್ಲಿ ಸಿಗುತ್ತದಾ?

ಕಡಲತಡಿ

ಎಳೆಚಿಗುರು ಅವರೇ, ನಿಮ್ಮ ಪ್ರಶ್ನೆ ಸಿಕ್ಕಿತು. ಇದಕ್ಕೆ ಕ್ಲೋರೋಪ್ಲಾಸ್ಟೇ ಸರಿ. ಇಲ್ಲಿಯವರೆಗೆ ಹೇಳಿದ್ದನ್ನು ಈ ಒಂದು ವಿಷಯಕ್ಕೆ ವಾಪಸ್ ತೆಗೆದುಕೊಳ್ಳುತ್ತೇನೆ.

ಹೊಳೆಯೇ ಗೊರಟು ಒಯ್ದಿದ್ದರೆ, ಮೇಲಿನ ಮರಗಳ ಕ್ಲೋರೋಪ್ಲಾಸ್ಟ್ ಬಗೆಗಳು ಕೆಳಗೂ ಕಾಣಬೇಕು. ಕೆಳಗೆ ಹೋದಂತೆ ಬಗೆಗಳು ಕೂಡಿಕೊಳ್ಳುತ್ತಾ ಜಾಸ್ತಿಯಾಗಬೇಕು. ಪಕ್ಕದ ಇನ್ನೊಂದು ಹೊಳೆಯಲ್ಲಿ ಬೇರೆ ಬಗೆಗಳಿರಬೇಕು. ಜನ ಒಯ್ದಿದ್ದರೆ ಹೊಳೆಯನ್ನು ಲೆಕ್ಕಿಸದೆ, ದಾರಿ ಮತ್ತು ಊರಿನ ಗುಂಟ ಬೆರಕೆಯಾಗಿರಬೇಕು. ಎರಡು ಮರದಿಂದ ಏನೂ ಹೇಳಲಾಗದು. ಹೊಳೆಯ ಮೇಲಿಂದ ಕೆಳಗಿನವರೆಗೆ, ಎರಡು ದಡದಲ್ಲೂ, ಕಸಿ ಕಟ್ಟದ ಹಳೆಯ ಮರಗಳು ಬೇಕು. ಕಸಿಮರ ಒಂದೂ ಸೇರಬಾರದು. ಅದರ ಕುಡಿ ಎಲ್ಲಿಂದಲೋ ಜನರ ಕೈಯಲ್ಲಿ ಬಂದಿರುತ್ತದೆ.

ಅಕ್ಷರಮಾಲೆ

ಹಾಗಾದರೆ ಪ್ರತಿ ಅಕ್ಷರದ ವ್ಯತ್ಯಾಸಕ್ಕೂ ಬೆಲೆ ಬಂತು. ಎಳೆಚಿಗುರು ಕೇಳಿದ್ದ 11 ಎ, 12 ಎ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ.

ಒಂದೇ ಅಕ್ಷರ ಸಾಲಾಗಿ ಬರುವ ಜಾಗಗಳು ಒಂದು ಜಾತಿಯೊಳಗೆ ನಿಜವಾಗಿಯೂ ಬೇಗ ಬದಲಾಗುತ್ತವೆ. 1995ರಿಂದಲೂ ಅವನ್ನು ಗುರುತಾಗಿ ಬಳಸುತ್ತಿದ್ದಾರೆ. ಆದರೆ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಲ್ಯಾಬ್ ವಿಧಾನ) ಎಣಿಕೆ ತಪ್ಪಿ ಜಾರುವುದೂ ಅಲ್ಲೇ. ಹಾಗಾಗಿ ರೀಡ್‌ಗಳನ್ನು ಜೋಡಿಸಿದ ಉಂಗುರದ ಮೇಲೆ ಮತ್ತೆ ಕೂರಿಸಿ, ಆ ಸಾಲನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟಿದ ರೀಡ್‌ಗಳನ್ನು ಮಾತ್ರ ಎಣಿಸಿ. ಹೆಚ್ಚಿನವು 12 ಅಂದರೆ ನಂಬಿ. 11, 12, 13 ಅಂತ ಚದುರಿದ್ದರೆ ಆ ಜಾಗವನ್ನು ಬಿಡಿ. ಇನ್ನೊಂದು ತೊಂದರೆಯೂ ಇದೆ. ಬೇರೆ ಬೇರೆ ದಡದಲ್ಲಿ ಅದೇ ಉದ್ದ ಬೇರೆ ಬೇರೆಯಾಗಿ ಹುಟ್ಟಬಹುದು, ನೆಂಟಸ್ತನ ಇಲ್ಲದೆಯೂ. ಬರೀ ಅದರ ಮೇಲೆ ಗುಂಪು ಮಾಡಬೇಡಿ. ಅಕ್ಷರವೇ ಬದಲಾದ ಜಾಗಗಳಿಗೆ ತೂಕ ಜಾಸ್ತಿ ಕೊಡಿ.

ಇನ್ನೊಂದು ಬಲೆ. ಕ್ಲೋರೋಪ್ಲಾಸ್ಟ್ ಡಿಎನ್‌ಎ ಆಗಾಗ ಕೋಶಕೇಂದ್ರದೊಳಗೆ ಸೇರಿಕೊಳ್ಳುತ್ತದೆ. ಭತ್ತದ 10ನೇ ಕ್ರೋಮೋಸೋಮಿನಲ್ಲಿ ಸುಮಾರು 1 ಲಕ್ಷ 31 ಸಾವಿರ ಅಕ್ಷರದ ತುಂಡು ಕೂತಿದೆ. ಭತ್ತದ ಇಡೀ ಕ್ಲೋರೋಪ್ಲಾಸ್ಟೇ 1 ಲಕ್ಷ 34 ಸಾವಿರ ಚಿಲ್ಲರೆ, ಅಂದರೆ ಹೆಚ್ಚುಕಡಿಮೆ ಪೂರ್ತಿ ಉಂಗುರ! ತಂಬಾಕಿನಲ್ಲಿ ಎಣಿಸಿದಾಗ 16 ಸಾವಿರ ಪರಾಗಕ್ಕೆ ಒಂದರಲ್ಲಿ ಇಂಥ ಹೊಸ ವರ್ಗಾವಣೆ ಕಂಡಿತು. ಅಲ್ಲಿ ಹೋಗಿ ಕೂತ ತುಂಡು ಸುಮ್ನೆ ಬಿದ್ದಿದ್ದು ಬದಲಾಗುತ್ತಾ ಹೋಗುತ್ತದೆ. ನಿಮ್ಮ ರೀಡ್‌ಗಳಲ್ಲಿ ಅದೂ ಬಂದು ಸೇರುತ್ತದೆ. ಗುರುತಿಸುವುದು ಕಷ್ಟ ಅಲ್ಲ. ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ಪ್ರತಿಗಳು ಅಸಂಖ್ಯ. ಒಂದು ಜಾಗವನ್ನು ನೂರಾರು ರೀಡ್ ಮುಚ್ಚಿರುವಾಗ ನಾಲ್ಕೈದು ಮಾತ್ರ ಬೇರೆ ಅಕ್ಷರ ಹೇಳಿದರೆ ಅದು ಕೋಶಕೇಂದ್ರದ್ದು ಅಂತ ಅನುಮಾನಿಸಿ.

ಮತ್ತೆ, ಎಲ್ಲ ಮರಗಳ ಉಂಗುರವನ್ನೂ ಒಂದೇ ಜಾಗದಿಂದ ಕತ್ತರಿಸಿ ಶುರು ಮಾಡಿ. ಚಿಕ್ಕ ತುಂಡು ಎಲ್ಲದರಲ್ಲೂ ಒಂದೇ ಮುಖವಾಗಿರಲಿ.

ದೂರದೀಪ

ತಾಯಿಯಿಂದಲೇ ಬರುತ್ತದೆ ಅನ್ನುವುದನ್ನೂ ಒಮ್ಮೆ ನೀವೇ ನೋಡಿಬಿಡಿ. 2023ರಲ್ಲಿ ಅದೇ ಗೋಲ್ಮ್‌ನವರು ತೋರಿಸಿದ ಹಾಗೆ, ತಂಬಾಕಿನಲ್ಲಿ ಪರಾಗ ಬಲಿಯುವಾಗ ಚಳಿ ಹೊಡೆದರೆ ತಂದೆಯ ಕ್ಲೋರೋಪ್ಲಾಸ್ಟ್ ದಾಟುವುದು ಜಾಸ್ತಿಯಾಗುತ್ತದೆ. ಮಾವು ಹೂಬಿಡುವುದು ಡಿಸೆಂಬರ್, ಜನವರಿಯಲ್ಲಿ. ಘಟ್ಟದ ಮೇಲಿನ ಚಳಿ ತಂಬಾಕಿಗೆ ಕೊಟ್ಟಷ್ಟು ಇರಲಾರದು. ಆದರೂ ಒಂದು ಮರದ ಎಲೆ ಮತ್ತು ಅದರ ಗೊರಟಿನ ಒಂದಿಷ್ಟು ಸಸಿ ಒಟ್ಟಿಗೆ ಇಟ್ಟುಕೊಂಡರೆ ಯಾರು ಕೇಳಿದರೂ ಉತ್ತರ ಇರುತ್ತದೆ.

ಎಳೆಚಿಗುರು

ಎಲ್ಲವನ್ನೂ ಬರೆದುಕೊಂಡೆ. ಗೈಡ್ ಹತ್ತಿರವೂ ಮಾತಾಡಿದೆ. ಅವರಿಗೆ ಹೊಳೆಯ ಪ್ರಶ್ನೆ ತುಂಬಾ ಹಿಡಿಸಿತು. ಇರುವ ಹಣದಲ್ಲಿ ಎಷ್ಟು ಮರ ಆಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇವೆ.

ಹೊಳೆಸಾಲು ಅಣ್ಣಾ, ಕಸಿ ಕಟ್ಟದ, ತಾನಾಗಿ ಹುಟ್ಟಿದ ಹಳೆಯ ಮರಗಳು ಯಾವುವು ಅಂತ ನಿಮ್ಮಂಥವರಿಗೆ ಮಾತ್ರ ಗೊತ್ತು. ನಾನು ಬಂದರೆ ತೋರಿಸುತ್ತೀರಾ?

ಹೊಳೆಸಾಲು

ಬಾ ತಂಗಿ, ಅದಕ್ಕೇನಂತೆ. ಫೆಬ್ರವರಿ ಕೊನೆಗೆ ಬಾ. ಆಗ ಮಿಡಿ ಕೊಯ್ಲು ನಡೆದಿರುತ್ತದೆ, ಮರ ಹತ್ತುವವರೂ ಸಿಗುತ್ತಾರೆ. ಎತ್ತರದ ಮರ, ಎಲೆ ಕೈಗೆ ಎಟಕುವುದಿಲ್ಲ. ಪ್ರತಿ ಮರಕ್ಕೂ ಹೆಸರಿದೆ, ಅದನ್ನೂ ಬರೆದುಕೊ. ನೆರೆ ಎಲ್ಲಿಯವರೆಗೆ ಏರಿತ್ತು ಅನ್ನುವ ಗುರುತು ನಮ್ಮ ತೋಟದ ಬಂಡೆ ಮೇಲಿದೆ. ಅದಕ್ಕಿಂತ ಮೇಲೆ ಗುಡ್ಡದಲ್ಲೂ ನಾಲ್ಕು ಅಪ್ಪೆ ಮರ ಇವೆ. ಅಲ್ಲಿಗೆ ಹೊಳೆ ಯಾವತ್ತೂ ಹತ್ತಿಲ್ಲ. ಅವುಗಳ ಎಲೆಯನ್ನೂ ತೆಗೆದುಕೊಂಡು ಹೋಗು.

ಅಕ್ಷರಮಾಲೆ

ಆ ನಾಲ್ಕು ಮರಗಳನ್ನು ಬಿಡಲೇಬೇಡಿ! ಎಲೆ ತೀರಾ ಎಳೆಯ ಕೆಂಪು ಚಿಗುರಲ್ಲ, ಬಲಿತದ್ದೂ ಅಲ್ಲ, ಆಗ ತಾನೇ ಹಸಿರಿಗೆ ತಿರುಗಿದ್ದು ತೆಗೆಯಿರಿ. ಕೊಯ್ದ ಕೂಡಲೇ ಸಿಲಿಕಾ ಜೆಲ್ ಹಾಕಿದ ಪೊಟ್ಟಣಕ್ಕೆ ಸೇರಿಸಿ. ಒಂದು ಮರಕ್ಕೆ ಒಂದೇ ಪೊಟ್ಟಣ. ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಸೊನೆ ತಾಗಿದರೆ ಹೋಗಿಬಿಡುತ್ತದೆ.